ಹೆಸರಿಲ್ಲದ ಗೆಡ್ಡೆ

"ಕುದಿ ಬಂದ ಕೂಡಲೇ ಇಳಿಸಿಬಿಡಿ. ಹೊಲಿಗೆ ಅಂತ ಮೈಮರೆತು ಕೂತುಬಿಡ್ಬೇಡಿ," ಎಂದು ಹೇಳಿ ಹೆಂಡತಿ ಮಾರುಕಟ್ಟೆಗೆ ಹೋಗಿದ್ದಳು. ಅದಕ್ಕಾಗಿಯೇ ಮುದಿ ದರ್ಜಿ ಯಂತ್ರವನ್ನು ಬಿಟ್ಟು ಬಂದು, ಒಲೆಯೆದುರು ಸ್ಟೂಲು ಹಾಕಿಕೊಂಡು, ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದ. ಪಾತ್ರೆಯಲ್ಲಿ ಏನು ಬೇಯುತ್ತಿದೆಯೆಂಬುದು ಅವನಿಗೂ ತಿಳಿಯದು. ಹಡಗುಕಟ್ಟೆಯ ಬಳಿಯ ಅಂಗಡಿಯಿಂದ ಅವಳು ತಂದಿದ್ದ ಯಾವುದೋ ಕಪ್ಪು ಕಾಳು. ಅಂಗಡಿಯವನ ಭಾಷೆ ಅವಳಿಗೆ ಬಾರದು, ಅವಳ ಭಾಷೆ ಅವನಿಗೆ ಬಾರದು.

ಕುದಿ ಬರುವ ಮೊದಲೇ ಬಾಗಿಲು ತಟ್ಟಿದ ಸದ್ದಾಯಿತು. ಗೆಡ್ಡೆಗೆಣಸು ಮಾರುವ ಹೆಂಗಸು ಹೆಂಡತಿಯ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಹಿಂದೆ, ಕೆಳಗಿನ ಮನೆಯ ನಿವೃತ್ತ ಬಸ್ ಕಂಡಕ್ಟರು ತಲೆ ತಗ್ಗಿಸಿಕೊಂಡಿದ್ದ.

"ಚೀಲ ಬಿಟ್ಟು ಬಂದ್ಲಾ? ಇವತ್ತು ಚೀಲ, ನಾಳೆ ನನ್ನನ್ನೂ ಎಲ್ಲಾದ್ರೂ ಬಿಟ್ಟು ಬರ್ತಾಳೆ," ಎಂದು ದರ್ಜಿ ನಕ್ಕ.

ಅವರಿಬ್ಬರೂ ನಗಲಿಲ್ಲ. ಹೆಂಗಸು ಹೊಸ್ತಿಲ ಮೇಲೆ ಕುಸಿದು ಕುಳಿತಳು.

"ಯಜಮಾನ್ರೇ, ಗೆಡ್ಡೆ ಆರಿಸ್ತಾ ಇದ್ರು. ಇದನ್ನ ಹೇಗೆ ಮಾಡೋದು ಅಂತ ಕೇಳಿದ್ರು. ಹಡಗಿನವರು ತಂದು ಕೊಟ್ಟಿದ್ದು, ನಂಗೂ ಗೊತ್ತಿಲ್ಲಮ್ಮಾ ಅಂದೆ. 'ನಿಂಗೂ ಗೊತ್ತಿಲ್ವಾ? ಹಾಗಾದ್ರೆ ಇನ್ನೊಂದು ಹಾಕು' ಅಂತ ನಕ್ರು. ನಗ್ತಾ ನಗ್ತಾನೇ ಕೂತ್ಕೊಂಡ್ರು. ಆಮೇಲೆ ಏಳ್ಲೇ ಇಲ್ಲ."

ಒಲೆಯ ಮೇಲಿನದು ಉಕ್ಕಿ, ಬತ್ತಿ, ಸೀದು, ಮನೆಯೆಲ್ಲ ಹೊಗೆಯಾಯಿತು. ಕಂಡಕ್ಟರು ಓಡಿಹೋಗಿ ಇಳಿಸಿದ. ದರ್ಜಿ ಮಾತ್ರ ಸೂಜಿ ಹಿಡಿದ ಕೈಯನ್ನು ಹಾಗೆಯೇ ಎತ್ತಿಕೊಂಡು ನಿಂತಿದ್ದ.

ಅವಳು ಗಿರಣಿಯ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿದವಳು. ಪಾಳಿ ಬಿಡುವ ಹೊತ್ತಿಗೆ ಹಸಿದು ಬರುವ ಜನಜಂಗುಳಿಗೆ ಅಳೆದು ಅಳೆದು ಅವಳ ಕೈ ಪಳಗಿತ್ತು. ಅಲ್ಲಿ ಅವಳ ಅಡುಗೆಯಲ್ಲಿ ಒಂದು ಕೊರತೆ ಹುಡುಕಿದವರಿಲ್ಲ. ಆದರೆ ಮನೆಗೆ ಬಂದು ಎರಡು ಹೊಟ್ಟೆಗೆ ಬೇಯಿಸಹೊರಟರೆ ಆ ಕೈಗೆ ದಿಕ್ಕು ತಪ್ಪುತ್ತಿತ್ತು. ಉಪ್ಪು ಹಾಕಿದರೆ ಕಡಲು, ನೀರು ಹೊಯ್ದರೆ ಕೆರೆ. ಮಿಕ್ಕಿದ್ದೆಲ್ಲ ಮೆಟ್ಟಿಲಿಳಿದು ಕಂಡಕ್ಟರನ ಮನೆಗೆ ಹೋಗುತ್ತಿತ್ತು. ಒಂಟಿ ಮನುಷ್ಯನಾದ ಅವನು ಹೆಂಡತಿ ತೀರಿಕೊಂಡ ಮೇಲೆ ಒಲೆ ಹಚ್ಚುವುದನ್ನೇ ಬಿಟ್ಟಿದ್ದ. "ನಿನ್ನ ಕೈಗೆ ಅಳತೆಯೇ ಇಲ್ಲ," ಎಂದು ದರ್ಜಿ ಹೇಳಿದರೆ, "ನಿಮ್ಮ ಟೇಪು ಕೊಡಿ, ನಾಳೆಯಿಂದ ಉಪ್ಪನ್ನ ಅಂಗುಲದ ಲೆಕ್ಕದಲ್ಲಿ ಹಾಕ್ತೀನಿ," ಎನ್ನುತ್ತಿದ್ದಳು.

ಕ್ಯಾಂಟೀನಿನ ಕೆಲಸ ಬಿಟ್ಟ ಮೇಲೆ ಇನ್ನೊಂದು ಹುಚ್ಚು ಹಿಡಿಯಿತು. "ಇಷ್ಟು ವರ್ಷ ಒಂದೇ ರುಚಿ ಬಡಿಸಿದೀನಿ. ದೇವರು ಉಳಿದದ್ದನ್ನೆಲ್ಲ ಯಾರಿಗೆ ಅಂತ ಮಾಡಿಟ್ಟಿದಾನೆ?" ಎಂದು ಹೇಳಿ, ಕಂಡುಕೇಳದ ಹಣ್ಣು, ಕಾಯಿ, ಪುಡಿ, ಬೇರುಗಳನ್ನು ಹೊತ್ತು ತರಲು ಮೊದಲುಮಾಡಿದಳು. ಹಸಿಯಾಗಿ ತಿನ್ನಬೇಕಾದ್ದನ್ನು ಬೇಯಿಸಿದಳು. ಬೇಯಿಸಬೇಕಾದ್ದನ್ನು ಹಸಿಯಾಗಿ ಕಚ್ಚಿ ಹಲ್ಲು ನೋಯಿಸಿಕೊಂಡಳು. ಕೆಂಪಗೆ ಹೊಳೆಯುವ ಒಂದು ಗೊಜ್ಜನ್ನು ಹಣ್ಣಿನ ಪಾಕವೆಂದುಕೊಂಡು ಬ್ರೆಡ್ಡಿಗೆ ಬಳಿದು ಕೊಟ್ಟಾಗ ದರ್ಜಿಗೆ ಹಾಡುಹಗಲೇ ನಕ್ಷತ್ರ ಕಾಣಿಸಿತ್ತು. ಆದರೆ ಒಮ್ಮೊಮ್ಮೆ ಸರಿಯಾಗಿಯೂ ಬರುತ್ತಿತ್ತು. ಒಣಗಿಸಿದ ಯಾವುದೋ ಹಣ್ಣು, ಮೊದಲ ಸಲ ಅಗಿದಾಗ ಕಣ್ಣು ಮುಚ್ಚಿಸುವಷ್ಟು ಹುಳಿ. ಉಗಿಯೋಣವೆನ್ನುವಷ್ಟರಲ್ಲಿ ನಾಲಿಗೆಯ ಬುಡದಲ್ಲಿ ಮೆಲ್ಲಗೆ ಸಿಹಿ ಊರುತ್ತಿತ್ತು. ತಾಯಿ ಮಾಡಿ ಬಡಿಸಿದ್ದನ್ನು ಬಿಟ್ಟು ಬೇರೇನನ್ನೂ ಬಯಸದ ದರ್ಜಿ ಮುಖ ಕಿವುಚಿಕೊಂಡೇ ಮತ್ತೊಂದಕ್ಕೆ ಕೈಚಾಚಿದ್ದ. "ಬಂತಾ ಕೈ?" ಎಂದು ಅವಳು ಬಟ್ಟಲನ್ನು ದೂರ ಸರಿಸಿ ಕುಣಿಸಿದ್ದಳು.

ದರ್ಜಿ ದೈವಭಕ್ತ. ಕೈಮುಗಿಯದೆ ತುತ್ತೆತ್ತಿದವನಲ್ಲ. ದೇವರ ಮುಂದೆ ಸುಳ್ಳಾಡುವುದು ಅವನಿಂದಾಗದು. ಅವಳು ಸೌಟಿನ ತುದಿಯಿಂದ ಒಂದಿಷ್ಟನ್ನು ಅವನ ನಾಲಿಗೆಗೆ ಮುಟ್ಟಿಸುವಳು. ಅವನು ಕಣ್ಣುಮುಚ್ಚಿ, "ದೇವರೇ, ತಳ ಹತ್ತಿದ ಈ ಅನ್ನಕ್ಕಾಗಿ ನಿನಗೆ ನಮಸ್ಕಾರ," ಎನ್ನುವನು. ಮರುದಿನ, "ಕಲ್ಲಿನಂಥ ಈ ರೊಟ್ಟಿಗಾಗಿ."

"ಅವನಿಗೆ ಕಾಣಿಸಲ್ವಾ? ನೀವ್ಯಾಕೆ ಚಾಡಿ ಹೇಳ್ತೀರಿ?" ಎಂದು ಅವಳು ಮೊಣಕೈಯಿಂದ ತಿವಿಯುವಳು. ಆ ತಿವಿತದ ನಂತರವೇ ಊಟ. ಮದುವೆಯಾದಂದಿನಿಂದ ನಡೆದುಬಂದ ರೂಢಿ ಅದು.

ಮಣ್ಣು ಮಾಡಿ ಬಂದ ಮೇಲೆ ಮಗಳು ತಂದೆಯ ಬಳಿಯೇ ಉಳಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಹಟಮಾರಿ ರೋಗಿಗಳಿಗೆ ಉಣ್ಣಿಸಿ ಅಭ್ಯಾಸವಿದ್ದವಳು. ಅಕ್ಕಪಕ್ಕದವರು ಸರದಿಯಲ್ಲಿ ಊಟ ತಂದರು. ಉಪ್ಪು ಹದ, ಖಾರ ಹದ, ಅನ್ನ ಮಲ್ಲಿಗೆ ಬಿಡಿಸಿದ ಹಾಗೆ. ದರ್ಜಿ ತಟ್ಟೆಯ ಮುಂದೆ ಕುಳಿತು ಕೈಮುಗಿಯುವನು, ಕಣ್ಣು ಮುಚ್ಚುವನು, ತುಟಿ ಅಲುಗದು. ಬಹಳ ಹೊತ್ತು ಕಳೆದು ಕಣ್ಣು ಬಿಟ್ಟು, ಎದ್ದುಬಿಡುವನು.

"ಏನಾಗಿದೆ ಊಟಕ್ಕೆ?" ಎಂದು ಮಗಳು ಕೇಳಿದಳು.

"ಏನೂ ಆಗಿಲ್ಲಮ್ಮ. ಅದೇ ಆಗಿರೋದು."

ಹಾಲೊಂದೇ ಗಂಟಲಲ್ಲಿಳಿಯುತ್ತಿತ್ತು. ಹಾಲಿಗೆ ಪ್ರಾರ್ಥನೆ ಬೇಡವೆಂದು ಗಂಡಹೆಂಡತಿ ಎಂದೋ ಒಪ್ಪಂದ ಮಾಡಿಕೊಂಡಿದ್ದರು. ಊರವರ ಮೈಗೆ ಒಪ್ಪುವಂತೆ ಹೊಲಿದವನ ಅಂಗಿ ಅವನ ಮೈಮೇಲೆಯೇ ಜೋಲತೊಡಗಿತು.

ಮಗಳಿಗೆ ಇನ್ನೊಂದು ಚಿಂತೆಯಿತ್ತು. ತೀರಿಕೊಂಡವಳನ್ನು ನೆನೆಯಲು ಭಾನುವಾರ ಎಲ್ಲರೂ ಸೇರುವವರಿದ್ದರು. ಆ ಬೀದಿಯಲ್ಲಿ ಯಾರೇ ಸತ್ತರೂ ಪ್ರಾರ್ಥನೆ ಹೇಳುತ್ತಿದ್ದವನು ದರ್ಜಿಯೇ. ಕಂಡಕ್ಟರನ ಹೆಂಡತಿಗೂ ಅವನೇ ಹೇಳಿದ್ದ.

"ಅಪ್ಪಾ, ಅಮ್ಮನಿಗೆ ನೀನೇ ಹೇಳ್ಬೇಕು."

"ಬೇರೆ ಯಾರಾದ್ರೂ ಹೇಳ್ಲಿ."

"ಯಾರ್ ಹೇಳ್ತಾರೆ? ನೀನಿದ್ದೂ ಬೇರೆಯವರ ಬಾಯಲ್ಲಿ ಹೇಳಿಸ್ಬೇಕಾ?"

"ನನ್ನ ಕೈಲಾಗ್ತಿಲ್ಲ ಮಗಾ. ಕಣ್ಣು ಮುಚ್ಚಿದ್ರೆ ಮಾತೇ ಬರ್ತಿಲ್ಲ," ಎಂದು ದರ್ಜಿ ಗೋಡೆಗೆ ಮುಖ ಮಾಡಿದ. ಯಾರ್ಯಾರಿಗೋ ಶಾಂತಿ ಬೇಡಿದ ಬಾಯಿ ಅವಳೊಬ್ಬಳಿಗೆ ಬೇಡಲಾರದೆ ಹೋಯಿತಲ್ಲ ಎಂಬ ಭಯ ಅವನನ್ನು ಹಸಿವಿಗಿಂತ ಹೆಚ್ಚಾಗಿ ತಿನ್ನುತ್ತಿತ್ತು.

ಭಾನುವಾರ ಬೆಳಿಗ್ಗೆ ಮಗಳು ಅಡುಗೆಮನೆ ಗುಡಿಸುತ್ತ ಮೂಲೆಯಲ್ಲಿದ್ದ ಅಮ್ಮನ ಚೀಲವನ್ನು ಬಿಚ್ಚಿದಳು. ನೇರಳೆ ಬಣ್ಣದ, ಮೈತುಂಬ ಬೇರುಗೂದಲಿನ ಗೆಡ್ಡೆಗಳು ಮೊಳಕೆಯೊಡೆದಿದ್ದವು. "ಇದನ್ನ ಎಸೆದುಬರ್ಲಾ?" ಎಂದಳು.

"ಇಡು. ಬೇಯಿಸ್ತೀನಿ."

"ನೀನಾ? ನಿಂಗೆ ಒಲೆ ಹಚ್ಚೋಕೆ ಬರುತ್ತಾ?"

"ಅವಳಿಗೇನು ಈ ಗೆಡ್ಡೆ ಮಾಡೋಕೆ ಬರ್ತಿತ್ತಾ?"

ಮಗಳು ಚೀಲವನ್ನು ಅವನೆದುರಿಟ್ಟಳು. ದರ್ಜಿ ಬಟ್ಟೆ ಕತ್ತರಿಸುವ ಶ್ರದ್ಧೆಯಿಂದ ಗೆಡ್ಡೆಗಳನ್ನು ಸಮನಾಗಿ ಹೆಚ್ಚಿದ. ಹೆಚ್ಚುತ್ತಿದ್ದಂತೆ ಬೆರಳ ಸಂದಿಗಳಲ್ಲಿ ಕೆರೆತ ಹತ್ತಿತು. ಕೆರೆದುಕೊಂಡ ಕಡೆಗೆಲ್ಲ ಹಬ್ಬಿತು. ಅಷ್ಟರಲ್ಲಿ ಕಂಡಕ್ಟರೂ ಗೆಡ್ಡೆಯ ಹೆಂಗಸೂ ಎಲ್ಲರಿಗಿಂತ ಮೊದಲೇ ಬಂದರು.

"ದರ್ಜಿಯಣ್ಣಾ, ಅದಕ್ಕೆ ಹುಳಿ ಬೀಳ್ಬೇಕು. ಇಲ್ದಿದ್ರೆ ಗಂಟಲು ಹಿಡಿಯತ್ತೆ," ಎಂದ ಕಂಡಕ್ಟರು.

"ನಿಂಗೆ ಯಾರ್ ಹೇಳಿದ್ದು?"

"ಹೇಳೋದೇನು? ಟಿಕೆಟ್ ಇಲ್ದೆ ಹತ್ತಿದವನ ಮುಖ ನಂಗೆ ಗೊತ್ತಾಗಲ್ವಾ? ಈ ಗೆಡ್ಡೆ ಮುಖ ನೋಡು!"

"ನೀನು ತಿಂದುಂಡು ಹೋಗುವವನು, ಸುಮ್ನಿರಪ್ಪ," ಎಂದು ದರ್ಜಿ ಹೋಳುಗಳನ್ನು ನೀರಿಗೆ ಸುರಿದ. ಉಪ್ಪಿನ ಡಬ್ಬಿಗೆ ಕೈಹಾಕಿ ಕ್ಷಣಹೊತ್ತು ನಿಂತ. ಎಷ್ಟೆಂದು ಕೇಳಲು ಅವಳಿರಲಿಲ್ಲ. ಬಂದಷ್ಟು ಬಾಚಿ ಹಾಕಿದ. ಒಳಗೆ ಬೆಂದಿದೆಯೋ ಇಲ್ಲವೋ ನೋಡದೆ ಇಳಿಸಿಯೂಬಿಟ್ಟ.

ನಾಲ್ವರೂ ಮೇಜಿನ ಸುತ್ತ ಕುಳಿತರು. ದರ್ಜಿ ಸೌಟಿನ ತುದಿಯಿಂದ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿದ. ಕಂಡಕ್ಟರು ತಡೆಯಲಾರದೆ ಒಂದು ಹೋಳನ್ನೇ ಬಾಯಿಗೆ ಹಾಕಿಕೊಂಡ.

"ಅಯ್ಯಯ್ಯೋ! ದರ್ಜಿಯಣ್ಣಾ, ಇದೇನು ಅಡುಗೆಯೋ, ಗಂಟಲಿಗೆ ಸೂಜಿ ಹೊಲಿಗೆಯೋ!"

ಗೆಡ್ಡೆಯ ಹೆಂಗಸು ಸೆರಗು ಬಾಯಿಗಡ್ಡ ಹಿಡಿದು ನಕ್ಕಳು. "ನಾನೇ ಮಾರಿದ್ದು. ಆ ಪುಣ್ಯಾತ್ಗಿತ್ತಿ ಇದನ್ನೇ ಹಿಡ್ಕೊಂಡು ಎಷ್ಟು ಸಂತೋಷಪಟ್ರು!" ಎಂದವಳು ನಗುತ್ತಿದ್ದಂತೆಯೇ ಬಿಕ್ಕಿದಳು.

ದರ್ಜಿಯ ನಾಲಿಗೆ ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು, ಕಣ್ಣಲ್ಲಿ ನೀರಿಳಿಯುತ್ತಿತ್ತು. "ಅಪ್ಪಾ, ಉಗಿದುಬಿಡು. ಇದನ್ನ ತಿನ್ನೋಕಾಗಲ್ಲ," ಎಂದು ಮಗಳು ನೀರು ತರಲು ಎದ್ದಳು. ಅವನು ಅವಳ ಕೈ ಹಿಡಿದು ಕೂರಿಸಿದ. ಕೈಮುಗಿದ. ಕಣ್ಣು ಮುಚ್ಚಿದ.

"ದೇವರೇ, ಸರಿಯಾಗಿ ಬೇಯದ, ಉಪ್ಪು ಮಿತಿಮೀರಿದ, ಗಂಟಲು ಕೆರೆಯುವ ಈ ಗೆಡ್ಡೆಗಾಗಿ ನಿನಗೆ ನಮಸ್ಕಾರ."

ಅಷ್ಟು ಹೇಳಿ ಮಾತು ನಿಲ್ಲಿಸಿದ. ಪಕ್ಕದ ಕುರ್ಚಿ ಖಾಲಿಯಿತ್ತು. ತಿವಿಯುವ ಮೊಣಕೈ ಇರಲಿಲ್ಲ. ಅವನು ಕಾದ, ಮೂವರೂ ಅವನೊಡನೆ ಕಾದರು. ಬಳಿಕ ದರ್ಜಿ ಗಂಟಲು ಸರಿಮಾಡಿಕೊಂಡು, ಕಣ್ಣು ತೆರೆಯದೆಯೇ ಮುಂದುವರಿಸಿದ:

"ಅವಳು ನಿನ್ನ ಮನೆಗೆ ಬಂದಿದ್ದಾಳೆ, ತಂದೇ. ನಿಂತೂ ನಿಂತೂ ಅವಳ ಕಾಲು ಸೋತಿದೆ. ಅವಳನ್ನು ಒಲೆಯ ಮುಂದೆ ನಿಲ್ಲಿಸಬೇಡ. ಪಂಕ್ತಿಯಲ್ಲಿ ಮೊದಲು ಕೂರಿಸಿ ಬಡಿಸು. ನಿನ್ನ ಹತ್ತಿರ ಅವಳು ಕಾಣದ ರುಚಿ ಎಷ್ಟಿದೆಯೋ ಅಷ್ಟನ್ನೂ ಕೊಡು. ಅವಳ ತಪ್ಪುಗಳನ್ನೆಲ್ಲ ನಾನೇ ನಿನಗೆ ಹೇಳಿದ್ದೇನೆ, ಬೇರೆ ತಪ್ಪು ಅವಳಲ್ಲಿರಲಿಲ್ಲ. ಅವಳಿಗೆ ಶಾಂತಿ ಕೊಡು, ದೇವರೇ. ಅವಳಿಗೆ ಶಾಂತಿ ಕೊಡು."