ಹನ್ನೊಂದನೇ ಸಲದ ಮಣಿಗಳು

ಥೂ! ಸತ್ತ ಇಲಿಯನ್ನು ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿದ ಹಾಗಿತ್ತು ವಾಸನೆ. ನಾನು ಕೊಟ್ಟಿಗೆ ಬಾಚಿ ಬೆಳೆದವಳು, ಹೇಸಿಗೆ ಸುಲಭಕ್ಕೆ ಆಗುವುದಿಲ್ಲ. ಆದರೂ ಮಣಿಗಳ ಟ್ಯಾಂಕಿನ ಮುಚ್ಚಳ ತೆಗೆದವಳೇ ಸಿಂಕಿನತ್ತ ಓಡಿದೆ.

ದೊಡ್ಡಬಳ್ಳಾಪುರದ ನಮ್ಮ ಸಣ್ಣ ಫ್ಯಾಕ್ಟರಿಯಲ್ಲಿ ದನಕ್ಕೆ ಮೇವು ಚೆನ್ನಾಗಿ ಅರಗಲೆಂದು ಫೀಡಿಗೆ ಬೆರೆಸುವ ಎಂಜೈಮ್ ತಯಾರಾಗುತ್ತದೆ. ಕಡಲಪಾಚಿಯ ಅಂಟಿನಲ್ಲಿ ಬ್ಯಾಕ್ಟೀರಿಯಾ ಕಲಸಿ, ಕ್ಯಾಲ್ಸಿಯಂ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಬೆಂದ ಸಬ್ಬಕ್ಕಿಯಂಥ ಮಣಿಗಳಾಗುತ್ತವೆ. ಒಳಗೆ ಸಿಕ್ಕಿಬಿದ್ದ ಜೀವಗಳು ಎಂಜೈಮ್ ಬಿಡುತ್ತಲೇ ಇರುತ್ತವೆ. ಅದನ್ನು ಸೋಸಿಕೊಂಡು, ಅವೇ ಮಣಿಗಳನ್ನು ಮತ್ತೆ ಬಳಸಬಹುದು. ಎಂಟು ಸಲ, ಅಷ್ಟೇ. ಆಮೇಲೆ ಮಣಿ ಮೆತ್ತಗಾಗಿ ಒಡೆಯುತ್ತದೆ, ಬೇರೆ ಕೊಳಕು ಕ್ರಿಮಿ ಸೇರುತ್ತದೆ. ಇದು ಹನ್ನೊಂದನೇ ಸಲ.

"ಸಾರ್, ಇದನ್ನ ಚೆಲ್ಬೇಕು," ಎಂದೆ.

ಮಾಲೀಕ ಕೆಂಪರಾಜು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಹೇಳಿದ: "ಸುಮ್ನಿರಮ್ಮ ಮಮತ. ಸೋಸಿ ಡ್ರಮ್ಮಿಗೆ ತುಂಬ್ಸು. ತಿನ್ನೋದು ದನ ತಾನೇ? ಅದೇನು ಬಂದು ಕಂಪ್ಲೇಂಟ್ ಕೊಡುತ್ತಾ?"

ಮೈಯೆಲ್ಲ ಉರಿಯಿತು. ರಾಜಘಟ್ಟದಲ್ಲಿ ನಮ್ಮಮ್ಮನ ಎರಡು ಹಸುಗಳು ತಿನ್ನುವುದೂ ಇದೇ ಎಂಜೈಮ್ ಬೆರೆಸಿದ ಫೀಡು. ಒಂದು ಗಬ್ಬ ಬೇರೆ.

ಮಾರನೆಯ ಬೆಳಗ್ಗೆ ಹೊಸಕೋಟೆಯ ಫೀಡ್ ಕಂಪನಿಯಿಂದ ಭಾನುಪ್ರಿಯಾ ಮೇಡಂ ಸರಕು ನೋಡಿ ಒಯ್ಯಲು ಬರುವವರಿದ್ದರು. ಯಾರೇ ಬಂದರೂ ಕೆಂಪರಾಜುವಿನದು ಒಂದೇ ನಾಟಕ: ತಟ್ಟೆಯಿಂದ ನಾಲ್ಕು ಮಣಿ ಬಾಯಿಗೆ ಹಾಕಿಕೊಂಡು, "ನೋಡಿ ಮೇಡಂ, ಪ್ಯೂರ್ ನ್ಯಾಚುರಲ್, ನಾವೇ ತಿಂತೀವಿ!" ಎನ್ನುವುದು. ಆ ತಟ್ಟೆಗೆ ಬ್ಯಾಕ್ಟೀರಿಯಾ ಸೇರಿಸದ ಖಾಲಿ ಮಣಿ ಮಾಡಿಡುವವಳು ನಾನೇ. ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

ಅವತ್ತು ಖಾಲಿ ಮಣಿ ಮಾಡಲಿಲ್ಲ. ಹನ್ನೊಂದನೇ ಸಲದವನ್ನೇ ತಟ್ಟೆಗೆ ಸುರಿದು, ಮುಚ್ಚಿ, ಮೇಜಿನ ಮೇಲಿಟ್ಟೆ.

ಮೇಡಂ ಬಂದು ಕೂತ ಮೇಲೆ ಕೆಂಪರಾಜು ಹಲ್ಲುಕಿರಿಯುತ್ತಾ ಮುಚ್ಚಳ ತೆಗೆದ. ಮೇಡಂ ಸೆರಗು ಮೂಗಿಗೊತ್ತಿಕೊಂಡು, "ಇದೇನ್ರೀ ಇದು?" ಎಂದರು.

"ಬಾಗಿಲಲ್ಲಿರೋ ಡ್ರಮ್ಮೆಲ್ಲಾ ಇದರಿಂದ್ಲೇ ತೆಗ್ದಿರೋದು ಮೇಡಂ," ಎಂದೆ. ತಟ್ಟೆಯನ್ನು ಅವನ ಗಲ್ಲದ ಹತ್ತಿರ ಹಿಡಿದೆ. "ತಗೊಳ್ಳಿ ಸಾರ್. ಯಾವಾಗ್ಲೂ ತಿಂತೀರಲ್ಲ."

ಬೇರೆ ದಾರಿಯಿಲ್ಲದೆ ಒಂದು ಮಣಿ ಎತ್ತಿಕೊಂಡ. ಅದು ಬೆರಳ ನಡುವೆ ಪಿಚಕ್ಕನೆ ಒಡೆದು ಅಂಗೈಗಿಳಿಯಿತು. ವಾಕರಿಸುತ್ತಾ ಸಿಂಕಿನತ್ತ ಓಡಿದ.

ಮೇಡಂ ಹೊರಗೆ ಹೋಗಿ ಡ್ರೈವರಿಗೆ, "ಏನೂ ತುಂಬ್ಬೇಡಪ್ಪಾ, ಖಾಲಿ ಗಾಡೀನೇ ತಿರುಗ್ಸು," ಎಂದರು.

"ನಾಳೆಯಿಂದ ಬರ್ಬೇಡ ನೀನು!" ನಲ್ಲಿಯ ಕೆಳಗೆ ಕೈ ಉಜ್ಜುತ್ತಲೇ ಕೆಂಪರಾಜು ಕಿರುಚಿದ.

"ದನ ಬಂದು ಕಂಪ್ಲೇಂಟ್ ಕೊಡಲ್ಲ ಸಾರ್," ಎಂದೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ಅದಕ್ಕೇ ನಾನು ಕೊಟ್ಟೆ."