ನೋಡಿ. ಕೊಳ್ಳಿ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಗಂಡನ ಮಾನ ಹೋದದ್ದು ಒಂದು ಚುಕ್ಕೆಗೆ.

ಅವರು ಬೋರ್ಡು ಬರೆಯುವವರು. ನಮ್ಮ ಬೀದಿಯ ಹಿಂದಿನ ಸರ್ಕಾರಿ ಗುಡ್ಡದ ಮೇಲೆ ಹಳೇ ಕಾಲದ ಮಡಕೆಚೂರುಗಳು ಬಿದ್ದಿದ್ದವು. ಅವುಗಳ ಅಧ್ಯಯನಕ್ಕೆ ಬಂದಿದ್ದ ಮೇಡಂ, "ಈ ಗುಡ್ಡ ನಿಮ್ಮದು, ನೋಡಿಕೊಳ್ಳಿ" ಎಂದು ಬೋರ್ಡು ಬರೆಯಲು ಹೇಳಿ ಊರಿಗೆ ಹೋದರು. ತಗಡಿನ ಅಗಲ ಸಾಲಲಿಲ್ಲ. ನಮ್ಮ ರಾಯರು 'ನೋಡಿ'ಯನ್ನು ಮೇಲೆ, 'ಕೊಳ್ಳಿ'ಯನ್ನು ಕೆಳಗೆ ಬರೆದು, ಚೆಂದಕ್ಕಿರಲಿ ಎಂದು ನಡುವೆ ಚುಕ್ಕೆ ಇಟ್ಟರು.

ಜನ ನೋಡಿದರು. ಕೊಂಡರು. ಕೆಲವರ ಮನೆಯಲ್ಲಿ ಚೂರು ಹೂಕುಂಡ ಸೇರಿತು, ಕೆಲವರಲ್ಲಿ ಟಿವಿ ಪಕ್ಕ. ನನ್ನ ಅತ್ತೆಯಂತೂ ದೊಡ್ಡದೊಂದನ್ನು ಉಪ್ಪಿನ ಡಬ್ಬಿಗೆ ಮುಚ್ಚಳ ಮಾಡಿಕೊಂಡರು.

ಮೇಡಂ ವಾಪಸು ಬಂದು, ಬೋಳು ಗುಡ್ಡ ನೋಡಿ, ನಮ್ಮ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು.

"ನಾಳೆ ನಮ್ಮ ಇಲಾಖೆ ಸಾಹೇಬ್ರು ಬರ್ತಾರೆ. ಬೇಲಿ ಹಾಕಿ ಬೀಗ ಜಡಿಯೋಣ ಅಂತಿದ್ರು. ಜನಾನೇ ಕಾಯ್ತಾರೆ ಅಂತ ಹಟ ಹಿಡಿದೋಳು ನಾನು."

ಬೀದಿಯೆಲ್ಲ ನನ್ನ ಗಂಡನನ್ನು ನೋಡಿ ಕಿಸಕ್ಕನೆ ನಗುತ್ತಿತ್ತು. ನನಗೆ ಮೈ ಉರಿಯಿತು. ಅವರನ್ನು ಆಡಿಕೊಳ್ಳುವ ಹಕ್ಕು ನನ್ನೊಬ್ಬಳದು.

"ಎಲ್ಲಾ ವಾಪಸ್ ತರಿಸ್ತೀನಿ ಬಿಡಿ" ಅಂದೆ.

"ಚೂರು ಬಂದ್ರೆ ಸಾಲ್ದಕ್ಕ. ಎಲ್ಲಿ ಬಿದ್ದಿತ್ತು ಅನ್ನೋದೇ ಮುಖ್ಯ."

ಅತ್ತೆ ಉಪ್ಪಿನ ಡಬ್ಬಿಯ ಮುಚ್ಚಳ ಹಿಡಿದು ಎದ್ದರು. "ಎತ್ಕೊಂಡೋರಿಗೆ ಎಲ್ಲಿಂದ ಎತ್ಕೊಂಡ್ವಿ ಅಂತ ಗೊತ್ತಿರಲ್ವೇನೇ? ಎಲ್ರನ್ನೂ ಕರಿ."

ಬೆಳಿಗ್ಗೆ ಬೀದಿಗೆ ಬೀದಿಯೇ ಗುಡ್ಡ ಹತ್ತಿತು. ಒಬ್ಬೊಬ್ಬರೂ ತಾವು ಬಗ್ಗಿದ್ದ ಜಾಗ ಹುಡುಕಿ, ಚೂರನ್ನು ಕಾಲ ಬಳಿ ಇಟ್ಟು ನಿಂತರು. ಪೊದೆಯ ಆಚೆಯೋ ಈಚೆಯೋ ಎಂದು ದರ್ಜಿಗೂ ಅವನ ಹೆಂಡತಿಗೂ ಜಗಳವೇ ಆಯಿತು.

ಸಾಹೇಬರ ಜೊತೆ ಬಂಡೆ ಹತ್ತಿದ್ದ ಮೇಡಂ ನನ್ನನ್ನೂ ಕೈಬೀಸಿ ಕರೆದರು. ನಾನೂ ಹತ್ತಿ ನೋಡಿದೆ. ನಮ್ಮವರೆಲ್ಲ ದುಂಡಗೆ ನಿಂತಿದ್ದರು. ಒಂದು ಕಡೆ ಮಾತ್ರ ಖಾಲಿ.

"ಮಣ್ಣೊಳಗೆ ಗೋಡೆ ಇದೆ" ಅಂದರು ಮೇಡಂ. "ಚೂರೆಲ್ಲ ಅದರ ಉದ್ದಕ್ಕೇ ಬಿದ್ದಿದ್ವು. ಇದು ದುಂಡು ಮನೆ. ಆ ಖಾಲಿ ಜಾಗ ಬಾಗ್ಲು!"

ಸಾಹೇಬರು ಅವಸರದಲ್ಲಿ ಇಳಿದು ನೇರ ನಡೆದರು. ಅತ್ತೆ ಕೈ ಅಡ್ಡ ಚಾಚಿದರು.

"ಗೋಡೆ ತುಳೀಬೇಡಿ ಸಾಹೇಬ್ರೇ. ಬಾಗ್ಲಲ್ಲಿ ಬನ್ನಿ."

ಸಾಹೇಬರು ಸುತ್ತು ಹಾಕಿ ಬಾಗಿಲಲ್ಲೇ ಬಂದರು. ಒಳಗೆ ನಿಂತು ನಮ್ಮನ್ನೆಲ್ಲ ಒಂದು ಸುತ್ತು ನೋಡಿ, "ಬೇಲಿ ಬೇಡ. ಬೋರ್ಡು ಮಾತ್ರ ಬೇರೆ ಬರೆಸಿ" ಅಂದರು.

"ನಮ್ಮನೆಯವ್ರೇ ಬರೀತಾರೆ" ಅಂದೆ. "ತಗಡು ಅಗಲದ್ದು ಕೊಡಿ."