ಕಲ್ಲುಸಕ್ಕರೆ ಮತ್ತು ಊಟಿಯ ಸುರಂಗ

ಎದುರಿಗೆ ಕೂತವನ ಎಡಗಲ್ಲ ಮತ್ತೆ ಉಬ್ಬಿದೆ, ಹಲ್ಲುನೋವೋ ಸೊಕ್ಕೋ ತಿಳಿಯದು, ರೈಲು ಒಮ್ಮೆ ಕುಲುಕಿದರೆ ಆ ಉಬ್ಬು ಬಲಗಲ್ಲಕ್ಕೆ ಹೋಗುತ್ತದೆ, ಮತ್ತೊಮ್ಮೆ ಕುಲುಕಿದರೆ ತಿರುಗಿ ಎಡಕ್ಕೆ — ಅಡಿಕೆಯೇ ಇರಬೇಕು, ನರಗುಂದದ ದೊಡ್ಡ ಮನುಷ್ಯ ಮಹಾಲಿಂಗಪ್ಪ, ಚಿಕ್ಕನರಗುಂದದಲ್ಲಿ ಕೂರಿಗೆಗಟ್ಟಲೆ ಎರೆಹೊಲ, ಅಂಥವರಿಗೆ ಬಾಯಿ ತೆರೆದರೆ ಮುತ್ತು ಉದುರಿ ಹೋದಾವು ಎಂಬ ಹೆದರಿಕೆ, ಉದುರಲಿ ಬಿಡು, ಆರಿಸಿಕೊಳ್ಳಲು ಬಗ್ಗುವವರಾರು, ತೋಟಪ್ಪನಂತೂ ಬಗ್ಗುವವನಲ್ಲ, ಅವನ ಸೊಂಟ ನರೇಗಲ್ಲಿನ ಬಾಜಾರಿನಲ್ಲಿ ಇವತ್ತಿನವರೆಗೂ ಯಾರಿಗೂ ಬಗ್ಗಿದ್ದಿಲ್ಲ — ಆದರೆ ಈಗ ಬಗ್ಗಬೇಕಾಗಿದೆ, ಸೊಂಟವಲ್ಲ, ನಾಲಿಗೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಊಟಿ ಹಿಂದೆ ಸರಿಯುತ್ತಿತ್ತು, ಕೆಂಪು ಹೆಂಚು, ನೀಲಗಿರಿ ಮರ, ಚಹಾದ ತೋಟ ಅಂದರೆ ಕತ್ತರಿಸಿ ಬಾಚಿದ ಹುಡುಗರ ತಲೆಯ ಹಾಗೆ, ಬ್ರಿಟಿಷರ ಕಾಲದ ಈ ಪುಟಾಣಿ ರೈಲು ಕೂನೂರಿಗೆ ಇಳಿಯುತ್ತಿದೆಯಂತೆ, ಇಳಿಯುವುದೋ ತೆವಳುವುದೋ, ಕೊಣ್ಣೂರಿನ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಇದಕ್ಕಿಂತ ಲಗೂ ಹೋಗುತ್ತದೆ. ಮೋಡವೊಂದು ಕಿಟಕಿಯಿಂದ ಡಬ್ಬಿಯೊಳಗೇ ಬಂದು ಹೆಂಡತಿ ಶೇಖವ್ವನ ಮಡಿಲಲ್ಲಿ ಕೂತಿತು. ನೋಡು ಇದನ್ನ, ಇಲ್ಲಿ ಮೋಡ ಟಿಕೀಟಿಲ್ಲದೆ ಹತ್ತಿ ಕೂಡುತ್ತದೆ, ನಮ್ಮ ರೋಣದ ಮೇಲೆ ಟಿಕೀಟು ತೆಗೆಸುತ್ತೇನೆಂದರೂ ಇಳಿಯುವುದಿಲ್ಲ — ಇದನ್ನು ಜೋರಾಗಿ ಹೇಳಬೇಕೆನಿಸಿತು, ಹೇಳಿದರೆ ಅದು ಎಲ್ಲಿಂದ ಎಲ್ಲಿಗೆ ಹೋದೀತು, ಅವನ ಮಾತು ಅವನಿಗೇ ಗೊತ್ತು, ಮೋಡದಿಂದ ಸುರುವಾಗಿ ಸರಕಾರಕ್ಕೆ ಹೋಗಿ ಕೊನೆಗೆ ಎದುರಿಗೆ ಕೂತವನ ಮುತ್ತಜ್ಜನವರೆಗೂ ಹೋದೀತು. ಆಗಲೇ ಮೊಣಕೈಗೆ ತಣ್ಣಗೆ ಏನೋ ತಾಗಿತು. ಸೆರಗಿನ ಮರೆಯಿಂದ ಶೇಖವ್ವನ ಕೈ ಬಂದಿತ್ತು, ಅಂಗೈಯಲ್ಲಿ ಗಜೇಂದ್ರಗಡದ ಅಂಗಡಿಯ ಹಳದಿ ಕಾಗದದ ಪೊಟ್ಟಣದಿಂದ ತೆಗೆದ ಒಂದು ಬಿಳಿ ಹರಳು. ಕಲ್ಲುಸಕ್ಕರೆ. ಇಟಗೋರಿ ಎಂದಿತು ಆ ಕೈ, ಬಾಯಿಂದಲ್ಲ, ಬೆರಳಿನಿಂದ. ಬಾಯಲ್ಲಿಟ್ಟುಕೊಂಡ, ಇನ್ನು ಹರಳು ಕರಗುವತನಕ ಮಾತಿಲ್ಲ.

ಇದೆಲ್ಲ ಪೂಜಾಳದೇ ಔಷಧಿ. ರೋಣದಲ್ಲಿ ದನದ ಡಾಕ್ಟರು ಅವನ ಮಗಳು, ಎತ್ತು ಹಾಯಲು ಬಂದರೆ ಹಿಂದೆ ಸರಿಯದವಳು, ಅಪ್ಪನಿಗೆ ಯಾವ ಮೂಗುದಾರ ಹಾಕಬೇಕೆಂದು ಅವಳಿಗೆ ತಿಳಿಯದಿದ್ದೀತೇ. ಎರಡು ಸಂಬಂಧ ಮುರಿದಿದ್ದವಲ್ಲ, ಮುರಿದದ್ದು ತೋಟಪ್ಪನ ಬಾಯಿ ಎಂದು ಓಣಿಯೇ ಹೇಳುತ್ತದೆ, ಓಣಿಗೇನು ಕೆಲಸ, ಮೊದಲನೆಯವರಲ್ಲಿ ಹುಡುಗನ ಕಾಕಾ ಅವಲಕ್ಕಿ ತಿಂದು ಉಪ್ಪು ಕಡಿಮಿ ಆತು ಅಂದ, ಹಂಗಾದ್ರ ನಿಮ್ಮ ಮನ್ಯಾಗ ತಿಂದ ಬರಬೇಕಿತ್ತು ಅಂದೆ, ತಪ್ಪೇನು, ಎರಡನೆಯವರಲ್ಲಿ ಹುಡುಗನ ಅಪ್ಪ ಮದಿವಿ ಆದ ಮ್ಯಾಲ ಹುಡುಗಿ ಈ ಶೆಗಣಿ ಕೆಲಸಾ ಬಿಡ್ತಾಳಲ್ರಿ ಅಂದ, ಅವನನ್ನು ಕೈಹಿಡಿದು ದನದ ಕೊಟ್ಟಿಗೆಗೆ ಒಯ್ದು, ಈ ಹೋರಿ ಹಿಂದ ನಿಂತು ಇದನ್ನ ಇನ್ನೊಮ್ಮೆ ಕೇಳ್ರಿ ಅಂದೆ, ಅವರು ಕೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡರು. ಎರಡನೇದು ಮಾಫಿ ಯಪ್ಪಾ, ಮೊದಲನೇದು ಮಾಫಿ ಇಲ್ಲ ಎಂದಿದ್ದಳು ಪೂಜಾ. ಆಮೇಲೆ ಈ ದ್ಯಾಮೇಶ ಬಂದ, ಮಹಾಲಿಂಗಪ್ಪನ ಮಗ, ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟಿನ ಗಾಳಿಕಂಬದ ಇಂಜಿನಿಯರು, ಕಂಬದ ಬುಡದಲ್ಲಿ ಯಾರದೋ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು, ಡಾಕ್ಟರು ಕೆಳಗೆ, ಇಂಜಿನಿಯರು ಮೇಲೆ, ಅವನು ಇಳಿದು ಬಂದು ಅಂಗಿ ಕಳೆದು ಕರುವಿನ ಕಾಲು ಹಿಡಿದು ಜಗ್ಗಿದನಂತೆ. ಅಂಗಿ ಕಳೆದು ಎಂಬುದನ್ನು ಪೂಜಾ ಹೇಳಬಾರದಿತ್ತು, ಹೇಳಿಬಿಟ್ಟಳು, ಹೇಳಿ ಕೆಂಪಾದಳು. ಆಗಲೇ ತಿಳಿಯಿತು ತೋಟಪ್ಪನಿಗೆ. ಮಾತುಕತೆಗೆ ಮೊದಲು ಎರಡೂ ಮನೆಯವರು ಕೂಡಿ ಊಟಿಗೆ ಹೋಗಿ ಬರೂಣು, ದಾರ್ಯಾಗ ಮಂದಿ ಗುಣಾ ತಿಳೀತಾವು ಎಂದು ಹೆಂಗಸರಿಬ್ಬರು ಫೋನಿನಲ್ಲೇ ಗೊತ್ತುಮಾಡಿದರು, ಶೇಖವ್ವ ಮತ್ತು ಆ ಕಡೆಯ ಗುಡ್ಡವ್ವ. ಹೊರಡುವ ದಿನ ಕಾಲಕಾಲೇಶ್ವರನ ಗುಡಿಯ ಮೆಟ್ಟಿಲ ಮೇಲೆ ಪೂಜಾ ಅವನನ್ನು ನಿಲ್ಲಿಸಿದಳು. ಯಪ್ಪಾ, ಈ ಹುಡುಗ ನನಗ ಬೇಕು. ತಿರುಗಿ ಮನಿ ಮುಟ್ಟೂತನಕ ನಿನ್ನ ಬಾಯಿ ನನಗ ದಾನಾ ಕೊಡು. ಭೂಮಿ ಕೇಳಿದ್ದರೆ ಕೊಡಬಹುದಿತ್ತು, ಅಂಗಡಿ ಕೇಳಿದ್ದರೆ ಕೊಡಬಹುದಿತ್ತು. ಬಾಯಿ ಕೇಳಿದಳು. ಗಂಟೆ ಬಾರಿಸಿ ಆಣೆ ಮಾಡಿ ಕೊಟ್ಟ.

ಕೊಟ್ಟ ಮೇಲೆ ಲೋಕವೇ ಅವನ ವಿರುದ್ಧ ಎದ್ದು ನಿಂತಿತು. ನೀಲಗಿರಿಯ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲವೆಂದು ಒಬ್ಬ ಗಾಡಿಯೊಳಗೆ ಹೊಕ್ಕು ಚೀಲ ಬಿಚ್ಚಿಸಿದ, ಬಿಡಬೇಡ, ಒಳ್ಳೆಯದೇ, ಗುಡ್ಡ ಹಸನಾಗಿರಲಿ, ಆದರೆ ಶೇಖವ್ವ ರೊಟ್ಟಿ ಕಟ್ಟಿದ್ದು ಪ್ಲಾಸ್ಟಿಕ್ಕಿನಲ್ಲಿ, ಅವನು ಪ್ಲಾಸ್ಟಿಕ್ಕನ್ನು ಬುಟ್ಟಿಗೆ ಹಾಕಿ ಜೋಳದ ಖಡಕ್ ರೊಟ್ಟಿಯ ಹೊರೆಯನ್ನು ತಮಿಳಿನಲ್ಲಿ ಏನೋ ಅನ್ನುತ್ತ ತೋಟಪ್ಪನ ಎರಡೂ ಕೈಗೆ ಕೊಟ್ಟ, ಹಪ್ಪಳ ಅಂದುಕೊಂಡನೋ ಏನೋ, ಒಂದನ್ನು ಬೆರಳಿನಿಂದ ತಟ್ಟಿಯೂ ನೋಡಿದ, ತಟ್ಟಿದ್ದು ಮುರಿಯಿತು. ಮುರಿದ ಸದ್ದು ತೋಟಪ್ಪನ ಎದೆಯಲ್ಲಿ ಕೇಳಿಸಿತು. ಕಲ್ಲುಸಕ್ಕರೆ. ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡರೂ ಆ ತಿರುವುಗಳಲ್ಲಿ ರೊಟ್ಟಿ ಉಳಿಯುವುದುಂಟೇ, ಊಟಿ ಮುಟ್ಟುವಾಗ ಟವೆಲಿನಲ್ಲಿ ಇದ್ದದ್ದು ರೊಟ್ಟಿಯಲ್ಲ, ನುಚ್ಚು. ಮಹಾಲಿಂಗಪ್ಪ ಆ ನುಚ್ಚನ್ನು ನೋಡಿದ, ಮುಖ ಕೆಂಪಾಯಿತು, ಒಂದು ಮಾತು ಆಡಬಾರದೇ, ಆಡಲಿಲ್ಲ, ಕಿಸೆಗೆ ಕೈ ಹಾಕಿ ಬಾಯಿಗೆ ಏನೋ ಎಸೆದುಕೊಂಡ. ಅಡಿಕೆ. ರೊಟ್ಟಿ ಸತ್ತಾಗಲೂ ಅಡಿಕೆ ತಿನ್ನುವ ಮನುಷ್ಯ.

ಹಳೆಯ ಇಗರ್ಜಿಗೆ ಹೋದಾಗಲೂ ಹಾಗೆಯೇ. ಇದರ ತೊಲೆಗಳು ಟಿಪ್ಪುವಿನ ಅರಮನೆಯವಂತೆ, ಶ್ರೀರಂಗಪಟ್ಟಣದಿಂದ ಬ್ರಿಟಿಷರು ಕಿತ್ತು ತಂದರಂತೆ ಎಂದು ಓದಿ ಹೇಳಿದ ದ್ಯಾಮೇಶ, ಎಲ್ಲರೂ ಕತ್ತೆತ್ತಿ ಆಹಾ ಎಂದರು, ಆಹಾ ಏನು, ಮಂದಿಯ ಮನೆಯ ತೊಲೆ ಕಿತ್ತು ತಂದು ದೇವರ ತಲೆಯ ಮೇಲೆ ಹೊದಿಸಿದರೆ ಆಹಾ, ಅದನ್ನೇ ನಮ್ಮೂರಲ್ಲಿ ಯಾರಾದರೂ ಮಾಡಿದರೆ ಪೊಲೀಸು. ನರಗುಂದದ ಗುಡ್ಡಕ್ಕೆ ಫೌಜು ತಂದವರೂ ಇವರೇ, ಬಂಡಾಯ ಅಂದವರ ಮೇಲೆ ತೋಪು ಹಾರಿಸಿದವರೂ ಇವರೇ, ನಮ್ಮ ಬಿಸಿಲು ತಡೆಯದೆ ಇಲ್ಲಿ ಬಂದು ಗುಲಾಬಿ ಹಚ್ಚಿ ಕೂತರು, ಆ ಬಿಸಿಲಿನಲ್ಲೇ ನಾವು ಇನ್ನೂ ಕೂತಿದ್ದೇವೆ, ನಮಗಾರು ರೈಲು ಹಾಕಿದರು — ನರಗುಂದದವನಾಗಿ ಮಹಾಲಿಂಗಪ್ಪನಾದರೂ ಒಂದು ಮಾತು ಅನ್ನಬೇಡವೇ. ಅವನ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು, ಹಾಗೇ ಇಳಿಯಿತು, ಗಲ್ಲ ಉಬ್ಬಿತು. ಕೆರೆಯ ದಂಡೆಯ ಮೇಲಂತೂ ಹದ್ದು ಮೀರಿತು. ಶೇಂಗಾ ಅಂದರೆ ತೋಟಪ್ಪನ ಉಸಿರು, ಅವನ ದಲಾಲಿ ಅಡತಿ ಅಂಗಡಿಯಲ್ಲಿ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ಒಳಗಿನ ಕಾಳು ಎಂಥದೆಂದು ಹೇಳುತ್ತಾನೆ, ಅಂಥವನ ಕೈಗೆ ಕುದಿಸಿದ ಶೇಂಗಾದ ಪೊಟ್ಟಣ ಕೊಟ್ಟನಲ್ಲ ಆ ಕೈಗಾಡಿಯವನು, ಬಿಡಿಸಿದರೆ ಒಂದರಲ್ಲಿ ಜೊಳ್ಳು, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ಹುಳದ ಸಂಸಾರ. ನಮ್ಮ ಕಡೆ ದನ ಕೂಡ ಮೂಸುವುದಿಲ್ಲ ಇದನ್ನ. ಅವನ ಕಣ್ಣಿಗೆ ಕತ್ತಲೆ ಬಂತು, ಶೇಖವ್ವ ಒಂದಲ್ಲ, ಎರಡು ಹರಳು ಒಮ್ಮೆಗೇ ಬಾಯಿಗೆ ತುರುಕಿದಳು, ಎರಡೂ ಗಲ್ಲ ಉಬ್ಬಿಸಿಕೊಂಡು ಕೆರೆಯಲ್ಲಿ ದೋಣಿ ತೇಲುವುದನ್ನು ನೋಡುತ್ತ ನಿಂತ, ಗುಮ್ಮನ ಹಾಗೆ. ಪಕ್ಕದಲ್ಲಿ ಮಹಾಲಿಂಗಪ್ಪನೂ ಜೊಳ್ಳು ಬಿಡಿಸಿ ನೋಡಿ, ನೆಲಕ್ಕೆ ಹಾಕಿ, ಸುಮ್ಮನೆ ನಿಂತ. ಜೊಳ್ಳು ಕೊಟ್ಟವನನ್ನು ಬಯ್ಯದ ಒಕ್ಕಲುತನದವನು! ಸಿಟ್ಟೇ ಬರದ ಮನುಷ್ಯ! ತೋಟಪ್ಪನಿಗೆ ಆಗ ಹೊಸದೊಂದು ಭಯ ಹುಟ್ಟಿತು — ಇಂಥ ಮನೆಗೆ ಮಗಳನ್ನು ಕೊಡುವುದು ಹೇಗೆ, ಕಳ್ಳ ಹೊಕ್ಕರೂ ಬರ್ರಿ ಕೂಡ್ರಿ ಅನ್ನುತ್ತಾರೇನೋ. ಆದರೆ ಪೂಜಾಗೆ ಹುಡುಗ ಬೇಕು. ಮತ್ತು ಈ ಮನುಷ್ಯನಿಗೆ ಅವಳು ಬೇಕೋ ಬೇಡವೋ, ಅದಾದರೂ ಎಲ್ಲಿ ತಿಳಿಯುತ್ತಿದೆ, ಊರು ಬಿಟ್ಟಾಗಿನಿಂದ ಹ್ಞೂಂ, ಉಹ್ಞೂಂ, ಎರಡೇ ಮಾತು. ಬೇಡ ಅನ್ನುವುದೇ ಅವನ ವಿಚಾರ, ಮನೆ ಮುಟ್ಟಿದ ಮೇಲೆ ಫೋನು ಮಾಡಿ ತಿಳಸ್ತೀವ್ರಿ ಅನ್ನುತ್ತಾನೆ, ಮೊದಲಿನವರೂ ಹಾಗೆಯೇ ಅಂದಿದ್ದರು, ಇನ್ನೂ ತಿಳಿಸುತ್ತಲೇ ಇದ್ದಾರೆ.

ಆ ಮೂಲೆಯಲ್ಲಿ ಪೂಜಾ, ಎದುರಿಗೆ ದ್ಯಾಮೇಶ, ಇಲ್ಲಿ ಗಾಳಿ ಚಲೋ ಐತಿ ಆದ್ರ ಕಂಬಾ ನಿಲ್ಸಾಕ ಜಾಗಾ ಇಲ್ಲ ನೋಡ್ರಿ ಎನ್ನುತ್ತಿದ್ದಾನೆ ಅವನು, ಅದಕ್ಕೆ ಅವಳು ನಗುತ್ತಿದ್ದಾಳೆ, ಗಾಳಿಕಂಬದಲ್ಲಿ ನಗುವಂಥದ್ದೇನಿದೆ, ಇದೆ, ನಗುವ ವಯಸ್ಸಿನಲ್ಲಿ ಶೇಖವ್ವ ಶೇಂಗಾದ ಧಾರಣೆ ಕೇಳಿ ನಕ್ಕಿದ್ದಳು. ತೋಟಪ್ಪ ಹರಳನ್ನು ನಾಲಿಗೆಯ ಮೇಲೆ ಹೊರಳಿಸಿದ — ಅಷ್ಟರಲ್ಲಿ ಕಣ್ಣಮುಂದೆ ಕತ್ತಲೆ, ಒಮ್ಮೆಲೇ ಡಬ್ಬಿ ಡಬ್ಬಿಯಿಂದ ಹೋ ಎಂದು ಕೂಗು, ಕಿರುಚಾಟ, ಸೀಟಿ, ರೈಲು ಬಿತ್ತೇ, ಅವನು ಅರ್ಧ ಎದ್ದು ಶೇಖವ್ವನ ತೋಳು ಹಿಡಿದ, ಬೆಳಕು ಬಂತು, ಎಲ್ಲರೂ ನಗುತ್ತಿದ್ದಾರೆ. ಕೂಡು ಯಪ್ಪಾ, ಸುರಂಗ ಅದು, ಸುರಂಗದಾಗ ಎಲ್ಲಾರೂ ಒದರ್ತಾರ, ಇಲ್ಲೆ ಅದ ಪದ್ಧತಿ ಎಂದಳು ಪೂಜಾ. ಪದ್ಧತಿ. ಅವನು ಕೂತ. ಪದ್ಧತಿ ಅಂತೆ. ಒದರುವುದು ಪದ್ಧತಿ. ಇನ್ನೂ ಒಂದ ಐತ್ರಿ ಮುಂದ, ಇದಕ್ಕಿಂತ ಉದ್ದ ಎಂದ ದ್ಯಾಮೇಶ, ಒಳ್ಳೆಯ ಹುಡುಗ, ಬಂಗಾರದಂಥ ಹುಡುಗ. ತೋಟಪ್ಪ ಮನಸ್ಸಿನಲ್ಲೇ ಕಾಲಕಾಲೇಶ್ವರನ ಜೊತೆ ವ್ಯವಹಾರಕ್ಕೆ ಕೂತ, ಹರಾಜಿನ ಸವಾಲಿನ ಹೊತ್ತಿಗೆ ವ್ಯಾಪಾರಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಮಾತಾಡುವಂತೆ — ನೋಡಪ್ಪಾ, ನಾ ಆಣೆ ಮಾಡಿದ್ದು ಸಿಟ್ಟು ಮಾಡಂಗಿಲ್ಲ ಅಂತ, ಇದು ಸಿಟ್ಟಲ್ಲ, ಪದ್ಧತಿ, ಪರಸ್ಥಳಕ್ಕೆ ಬಂದ ಮೇಲೆ ಅಲ್ಲಿಯ ಪದ್ಧತಿ ಮುರಿಯಬಾರದು, ಅದೂ ಅಲ್ಲದೆ ಕತ್ತಲೆಯಲ್ಲಿ ದನಿಗೆ ಒಡೆಯ ಯಾರು. ದೇವರು ಏನೂ ಅನ್ನಲಿಲ್ಲ. ಒಪ್ಪಿದ ಎಂದೇ ಅರ್ಥ. ಅವನು ಕಾದ. ಚಹಾದ ತೋಟ ಬಂತು, ಹೋಯಿತು, ಸಣ್ಣ ನಿಲ್ದಾಣವೊಂದು ಬಂತು, ಹೋಯಿತು, ಎದುರಿಗೆ ಆ ಗಲ್ಲದ ಉಬ್ಬು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ತೋಟಪ್ಪ ತನ್ನ ಹರಳನ್ನು ದವಡೆಯ ಮೂಲೆಗೆ ದೂಡಿ ನಾಲಿಗೆಗೆ ದಾರಿ ಬಿಡಿಸಿದ, ಬರಲಿ, ಬರಲಿ —

ಬಂತು. ಕತ್ತಲೆ ಬಿದ್ದದ್ದೇ ತಡ ಅವನ ಬಾಯಿ ತನ್ನಷ್ಟಕ್ಕೇ ತೆರೆಯಿತು, ಏ ಚೆಕ್‌ಪೋಸ್ಟಿನವನ, ನನ್ನ ಹೇಣತಿ ಬಡದ ರೊಟ್ಟಿ ಮುರೀತೀಯೇನಲೇ, ಬಾರೋ ನರೇಗಲ್ಲಿಗೆ, ಉರಿಬಿಸಲಾಗ ನಿನ್ನ ಚೀಲಾ ಬಿಚ್ಚಸ್ತೀನಿ, ಏ ಶೇಂಗಾದವನ, ಜೊಳ್ಳು ಕುದಿಸಿ ಮಾರಾವನ, ನಿನ್ನ ತಕ್ಕಡಿ ಮುರದ ಬೀಳಲಿ, ಏ ಸಾಹೇಬರ, ಕದ್ದ ತೊಲಿ ತಿರುಗಿ ಕೊಡ್ರಿ — ಆಹಾ, ಊರು ಬಿಟ್ಟಾಗಿನಿಂದ ಕಟ್ಟಿದ್ದ ಒಡ್ಡು, ಎದೆ ಹಗುರಾಗುತ್ತಿದೆ, ಕಿವಿ ಬಿಸಿಯಾಗುತ್ತಿದೆ, ನಾಲ್ಕೂ ಕಡೆ ಹೋ ಎನ್ನುವ ಕೂಗಿನ ನಡುವೆ ಯಾರಿಗೆ ಕೇಳಿಸುತ್ತದೆ, ಆದರೆ ಇದೇನು, ಎದುರಿನಿಂದ ಇನ್ನೊಂದು ದನಿ, ತನ್ನದಕ್ಕಿಂತ ದಪ್ಪ, ನೆಲದೊಳಗಿನ ಕಾಳಿನ ಹಗೇವಿನೊಳಗಿಂದ ಗೂಳಿ ಒದರಿದಂತೆ, ಏ ತೋಪು ಹಚ್ಚಿದ ಹಲ್ಕಟ್ಟುಗಳ್ರಾ ಅನ್ನುತ್ತಿದೆ, ಶೇಂಗಾಕ್ಕ ಹುಳಾ ಹಚ್ಚಿ ಮಾರ್ತಾನ ಬಾಡ್ಯಾ ಅನ್ನುತ್ತಿದೆ, ಯಾರಿದು, ಯೋಚಿಸಲು ಹೊತ್ತಿಲ್ಲ, ಸುರಂಗ ಮುಗಿಯುವುದರೊಳಗೆ ಎಲ್ಲಕ್ಕಿಂತ ದೊಡ್ಡದನ್ನು ಒದರಬೇಕು, ಏ ಮಾಲಿಂಗಪ್ಪಾ, ಬಾಯಾಗ ಅಡಕಿ ಇಟಗೊಂಡು ಗೂಟದಂಗ ಕುಂತೀಯಲ್ಲೋ, ನನ್ನ ಮಗಳು ಬೇಕೋ ಬ್ಯಾಡೋ ಒಂದ ಮಾತು ಒದರೋ — ಮತ್ತು ಅದೇ ಗಳಿಗೆಗೆ ಆ ಗೂಳಿಯ ದನಿ, ಏ ತೋಟಪ್ಪಾ, ಮಾರಿ ಗಂಟ ಹಾಕ್ಕೊಂಡು ಕುಂತೀಯಲ್ಲೋ, ನನ್ನ ಮಗಾ ಏನ್ ಕಡಿಮಿ ಬಿದ್ದಾನೋ ನಿನಗ —

ಬೆಳಕು. ಉಳಿದವರ ಕೂಗು ಯಾವಾಗಲೋ ನಿಂತಿತ್ತು. ಕೊನೆಯ ಮಾತೆರಡೂ ಬಿಸಿಲಿನಲ್ಲೇ ಬಿದ್ದವು. ಪೂಜಾ ಮುಖ ಮುಚ್ಚಿಕೊಂಡಿದ್ದಾಳೆ, ಹೋಯಿತು, ಮೂರನೆಯದೂ ಹೋಯಿತು, ಬಾಯಿ ದಾನ ಕೊಟ್ಟು ತಿರುಗಿ ಕಸಿದುಕೊಂಡ ಅಪ್ಪ, ಅವಳ ಭುಜ ಅಲುಗುತ್ತಿದೆ, ಅಳುತ್ತಿದ್ದಾಳೆ, ಅಲ್ಲ, ನಗುತ್ತಿದ್ದಾಳೆಯೇ, ಅವನ ಬಾಯಿ ಇನ್ನೂ ತೆರೆದೇ ಇದೆ, ಮುಚ್ಚುವುದು ಹೇಗೆಂಬುದೇ ಮರೆತಿದೆ, ಎದುರಿಗೆ ಮಹಾಲಿಂಗಪ್ಪನ ಬಾಯಿಯೂ ತೆರೆದೇ ಇದೆ, ಊರಗಲ, ಅದರ ನಡುವೆ ನಾಲಿಗೆ, ನಾಲಿಗೆಯ ಮೇಲೆ — ಅಡಿಕೆಯಲ್ಲ. ಬೆಳ್ಳಗಿದೆ. ಮೂಲೆ ಕರಗಿ ದುಂಡಗಾಗಿದೆ. ನಮ್ಮವರ ಬಾಯಿಗೂ ಇದ ರೋಗ, ಇದ ಔಷಧಿ ಅಂತ ಫೋನಿನ್ಯಾಗ ಹೇಳಿದ್ನಲ್ಲ ಯವ್ವಾ ಎಂದಳು ಗುಡ್ಡವ್ವ, ಶೇಖವ್ವನಿಗೆ. ನನ್ನ ಪೊಟ್ಟಣಾ ಖಾಲಿ ಆತ್ ನೋಡವಾ, ನಿನ್ನದರಾಗಿಂದ ಕೊಡು ಎಂದಳು ಶೇಖವ್ವ. ಗುಡ್ಡವ್ವನ ಸೆರಗಿನ ಮರೆಯಿಂದ ಹೊರಗೆ ಬಂದದ್ದು ಅದೇ ಹಳದಿ ಕಾಗದ, ಗಜೇಂದ್ರಗಡದ ಅದೇ ಅಂಗಡಿಯದು. ಬೀಗರ, ಹುಡುಗಿ ಬೇಕಂತ ನಮ್ಮವರು ಒದರಿದ್ದು ಕೇಳಿದ್ರಲ್ರಿ, ಬಾಯಿ ಸಿಹಿ ಮಾಡ್ಕೋರಿ ಎಂದು ಅವಳು ಒಂದು ಹರಳನ್ನು ತೋಟಪ್ಪನ ಅಂಗೈಯಲ್ಲಿಟ್ಟಳು. ಹಾಗೆಲ್ಲಿ ಒದರಿದ ಅವನು, ಅವನು ಒದರಿದ್ದೇ ಬೇರೆ, ಎನ್ನಬೇಕೆಂದು ತೋಟಪ್ಪ ಸಿಟ್ಟಿಗಾಗಿ ಹುಡುಕಾಡಿದ, ಚೆಕ್‌ಪೋಸ್ಟು, ಜೊಳ್ಳು, ತೊಲೆ, ತೋಪು, ಎಲ್ಲಿಯೂ ಒಂದು ಚೂರು ಸಿಗಲಿಲ್ಲ, ರೈಲು ಕುಲುಕಿತು, ಎದುರಿನ ಬಾಯಿ ಮುಚ್ಚಿತು, ಉಬ್ಬು ಎಡಗಲ್ಲಕ್ಕೆ ಹೋಯಿತು, ಅವನ ಕಣ್ಣು ಅದರ ಹಿಂದೆ ಹೋಯಿತು, ಮತ್ತೆ ಕುಲುಕಿತು, ಬಲಗಲ್ಲಕ್ಕೆ ಬಂತು, ಅವನ ಕಣ್ಣೂ ಬಂತು, ಆ ಬಿಳಿ ಹರಳು, ಮೂಲೆ ಕರಗಿದ್ದು, ನಾಲಿಗೆಯ ಮೇಲೆ, ಆ ಬಿಳಿ ಹರಳು, ಅಂಥದ್ದೇ ಒಂದು ತನ್ನ ಅಂಗೈಯಲ್ಲೂ.